ಬಿಎಸ್‌ಡಿ ಪ್ಯಾಕೆಟ್ ಫಿಲ್ಟರ್

ಬಿಎಸ್‌ಡಿ ಪ್ಯಾಕೆಟ್ ಫಿಲ್ಟರ್ ಅಥವಾ ಬಿಪಿಎಫ್ ಎಂಬುದು ಗಣಕಜಾಲದಲ್ಲಿ ಸಂಚರಿಸುವ ಪ್ಯಾಕೆಟ್‌ಗಳನ್ನು ಕಡಿಮೆ ಹೊರೆಯಿಂದ ಸೆರೆಹಿಡಿಯಲು ಕಾರ್ಯಾಚರಣ ವ್ಯವಸ್ಥೆಯ ಕರ್ನಲ್‌ನಲ್ಲಿ ಅಳವಡಿಸಿರುವ ಏರ್ಪಾಡು. ಇದನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದರು. 1993ರ ಯೂಸ್‌ನಿಕ್ಸ್ ಚಳಿಗಾಲದ ಸಮ್ಮೇಳನದಲ್ಲಿ ಇದನ್ನು ಕುರಿತ ಪ್ರಬಂಧವು ಮಂಡಿತವಾಯಿತು.

ಹಿನ್ನೆಲೆ

ಜಾಲದ ದೋಷ ಅಥವಾ ದಾಳಿಗಳನ್ನು ಪತ್ತೆಹಚ್ಚಲು ಟಿಸಿಪಿಡಂಪ್, ವೈರ್‌ಶಾರ್ಕ್ ಮೊದಲಾದ ತಂತ್ರಾಂಶಗಳನ್ನು ಬಳಸುತ್ತಾರೆ. ಇವು ಕರ್ನಲ್‌ನ ಹೊರಗೆ ನಡೆಯುವುದರಿಂದ ಪ್ರತಿಯೊಂದು ಪ್ಯಾಕೆಟ್ಟನ್ನೂ ಕರ್ನಲ್‌ನ ಸ್ಮೃತಿಯಿಂದ ತಂತ್ರಾಂಶದ ಸ್ಮೃತಿಗೆ ನಕಲು ಮಾಡಬೇಕಾಗುತ್ತದೆ. ಎಲ್ಲವನ್ನೂ ನಕಲು ಮಾಡಿ, ಬಳಿಕ ಬೇಡವಾದುದನ್ನು ಎಸೆಯುವುದು ವ್ಯರ್ಥ ಶ್ರಮ. ಕಾಫಿ ತೋಟದಲ್ಲಿ ಕಸಕಡ್ಡಿಯನ್ನು ಬೇರ್ಪಡಿಸದೆ, ಕೊಯ್ದುದೆಲ್ಲವನ್ನೂ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸಿದಂತೆ ಇದು. ಸೆಕೆಂಡಿಗೆ 10 ಗಿಗಾಬಿಟ್ ವೇಗದ ಈಥರ್‌ನೆಟ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 1.488 ಕೋಟಿಯಷ್ಟು ಬರಬಹುದು. ಒಂದೊಂದಕ್ಕೂ ದೊರೆಯುವ ಕಾಲ ಸುಮಾರು 67 ನ್ಯಾನೊಸೆಕೆಂಡ್ ಮಾತ್ರ. ಸಂಸ್ಕಾರಕವು ಹಿಂದೆ ಬಿದ್ದರೆ ಪ್ಯಾಕೆಟ್‌ಗಳು ದಾಖಲೆಯಿಂದ ತಪ್ಪಿಹೋಗುತ್ತವೆ. ಹುಡುಕುತ್ತಿದ್ದ ಪ್ಯಾಕೆಟ್ಟೇ ಅವುಗಳಲ್ಲಿ ಸೇರಿರಬಹುದು.

ಕಾರ್ಯವಿಧಾನ

ಬಿಪಿಎಫ್ ಈ ಹೊರೆಯನ್ನು ಮೂರು ಬಗೆಯಲ್ಲಿ ತಗ್ಗಿಸುತ್ತದೆ.

1. ಆರಂಭದಲ್ಲೇ ಶೋಧನೆ: "ಪೋರ್ಟ್ 53" ಎಂಬಂತಹ ಷರತ್ತನ್ನು ಚಿಕ್ಕ ಆದೇಶಗಳಾಗಿ ಪರಿವರ್ತಿಸಿ ಕರ್ನಲ್‌ಗೆ ಒಪ್ಪಿಸಲಾಗುತ್ತದೆ. ನಕಲು ಮಾಡುವ ಮೊದಲೇ ಪ್ಯಾಕೆಟ್ಟನ್ನು ಪರೀಕ್ಷಿಸಿ, ಹೊಂದದಿದ್ದುದನ್ನು ಅಲ್ಲಿಯೇ ಕೈಬಿಡಲಾಗುತ್ತದೆ. ಈ ಆದೇಶಗಳಲ್ಲಿ ಹಿಂದಕ್ಕೆ ಜಿಗಿಯಲು ಅವಕಾಶವಿಲ್ಲದ ಕಾರಣ ಶೋಧನೆಯು ಕೊನೆಗಾಣದೆ ಸುತ್ತುತ್ತಿರುವ ಭಯವಿಲ್ಲ.

2. ಬೇಕಾದಷ್ಟೇ ನಕಲು: ಆಯ್ಕೆಯಾದ ಪ್ಯಾಕೆಟ್‌ನ ಮೊದಲ ಕೆಲವು ಬೈಟ್‌ಗಳನ್ನಷ್ಟೇ ಕೇಳಿ ಪಡೆಯಬಹುದು. ವಿಳಾಸಗಳನ್ನು ತಿಳಿಯಲು ಶಿರೋಭಾಗವೇ ಸಾಕು.

3. ಒಟ್ಟಾಗಿ ರವಾನೆ: ಒಂದು ಬಫರ್ ತುಂಬುತ್ತಿರುವಾಗ ಇನ್ನೊಂದನ್ನು ತಂತ್ರಾಂಶವು ಓದುತ್ತದೆ. ಒಂದೇ ಕರೆಯಲ್ಲಿ ಅನೇಕ ಪ್ಯಾಕೆಟ್‌ಗಳು ದೊರೆಯುತ್ತವೆ.

1980ರ ದಶಕದಲ್ಲಿ ಕಾರ್ನೆಗಿ ಮೆಲನ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ ರೂಪುಗೊಂಡ ಮೂಲ ಫಿಲ್ಟರ್ ಸ್ಟ್ಯಾಕ್ ಆಧಾರಿತವಾಗಿತ್ತು. ರಿಜಿಸ್ಟರ್ ಆಧಾರಿತವಾದ ಬಿಪಿಎಫ್‌ನ ಶೋಧನೆಯು ಅದಕ್ಕಿಂತ 20 ಪಟ್ಟಿನವರೆಗೆ ವೇಗವಾದುದೆಂದು ಅದರ ಕರ್ತೃಗಳು ವರದಿ ಮಾಡಿದ್ದಾರೆ.

ನಂತರದ ಬೆಳವಣಿಗೆ

ಲಿನಕ್ಸ್‌ನಲ್ಲಿ ಕರ್ನಲ್ ಮತ್ತು ತಂತ್ರಾಂಶ ಎರಡೂ ಹಂಚಿಕೊಳ್ಳುವ ವರ್ತುಲ ಬಫರ್ ಬಂದ ಮೇಲೆ ಪ್ರತಿ ಪ್ಯಾಕೆಟ್ಟಿಗೂ ಪ್ರತ್ಯೇಕ ಕರೆ ಮಾಡುವ ಅಗತ್ಯ ತಪ್ಪಿತು. 2011ರಲ್ಲಿ ಫಿಲ್ಟರ್‌ನ ಆದೇಶಗಳನ್ನು ನೇರವಾಗಿ ಯಂತ್ರಭಾಷೆಗೆ ಪರಿವರ್ತಿಸುವ ಸೌಲಭ್ಯವು ಲಿನಕ್ಸ್‌ಗೆ ಸೇರಿತು. 2014ರಲ್ಲಿ ಇದರ ವಿಸ್ತೃತ ರೂಪವಾದ ಇಬಿಪಿಎಫ್ ಬಂದಿತು. ಪ್ಯಾಕೆಟ್ ಶೋಧನೆಗೆಂದು ಹುಟ್ಟಿದ ಈ ವಿಧಾನವನ್ನು ಇಂದು ಭದ್ರತೆ ಮತ್ತು ಕಾರ್ಯಕ್ಷಮತೆಯ ಪರಿವೀಕ್ಷಣೆಗೂ ಬಳಸಲಾಗುತ್ತಿದೆ.