ಸೋಮವಾರ ನೊಗ ಹೂಡದ ಊರುಗಳು

ವಿಜಯಪುರದ ಕಡೆಯಿಂದ ಬರುವ ರೈಲುಹಳಿ ಮುಂಬೈ–ಚೆನ್ನೈ ಹಳಿಯನ್ನು ಕೂಡುವುದು ಹೋಟಗಿಯಲ್ಲಿ. ಸುತ್ತ ಎರಿ ಹೊಲ. ಉತ್ತರಿ, ಹಸ್ತದ ಮಳೆ ಕುಡಿದ ನೆಲಕ್ಕೆ ಕೂರಿಗೆಯಿಂದ ಬಿತ್ತಿದ ಬಿಳಿಜೋಳ ಆಮೇಲೆ ಹೆಚ್ಚು ಮಳೆ ಬೇಡುವುದಿಲ್ಲ, ಒಳಗಿನ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಒಕ್ಕಲು ಮನೆಗಳು ಇದನ್ನೇ ನಂಬಿ ಬಾಳಿದವು. ಇದೇ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಎಂ 35-1 ಮಾಲದಂಡಿ ಇಂದಿಗೂ ರೊಟ್ಟಿ ಬಡಿಯುವವರ ಮೆಚ್ಚಿನ ಜೋಳ. ಮಂಗಳವೇಡೆಯ ಜೋಳಕ್ಕಂತೂ 2016ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆಯೂ ಸಿಕ್ಕಿತು.

ಆದರೆ ಜೋಳದ ತವರು ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಇತ್ತ ಬಂದ ಬೆಳೆ, ಆ ಖಂಡದ ದಕ್ಷಿಣಕ್ಕೂ ಹಬ್ಬಿತು. ಅಲ್ಲಿ ಅದನ್ನು ಬೆಳೆದುಂಡವರಲ್ಲಿ ಜಿಂಬಾಬ್ವೆಯ ಶೋನಾ ಜನರೂ ಸೇರಿದ್ದಾರೆ. ಅವರ ಹಳ್ಳಿಗಳಲ್ಲಿ ವಾರಕ್ಕೊಂದು ದಿನ ‘ಚಿಸಿ’. ಅಂದು ಹೊಲಕ್ಕೆ ಇಳಿಯುವಂತಿಲ್ಲ, ಇಳಿದರೆ ಊರ ಹಿರಿಯನಿಗೆ ದಂಡ ತೆರಬೇಕು. ನೆಲವೂ ಮಳೆಯೂ ತೀರಿಹೋದ ಹಿರಿಯರ ಕೈಯಲ್ಲಿವೆ, ಅವರು ಮುನಿಯಬಾರದು ಎಂಬ ನಂಬಿಕೆ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ದಂಡವೇನಿಲ್ಲ, ಹೂಡಿದವನನ್ನು ಊರು ಆಡಿಕೊಳ್ಳುತ್ತದೆ, ಅಷ್ಟೇ. ಚಿಸಿ ಮನುಷ್ಯರಿಗೂ ಬಿಡುವು ಕೊಡುತ್ತದೆ. ನಮ್ಮ ಸೋಮವಾರ ಬಿಡುವು ಕೊಟ್ಟದ್ದು ಎತ್ತಿಗೆ, ಕಳೆ ತೆಗೆಯುವ ಹೆಣ್ಣುಮಕ್ಕಳಿಗಲ್ಲ.

ಒಬ್ಬರ ಹೊಲಕ್ಕೆ ಊರೇ ಕೂಡಿ ದುಡಿಯುವುದಕ್ಕೆ ಶೋನಾ ಜನ ‘ನ್ಹಿಂಬೆ’ ಅನ್ನುತ್ತಾರೆ, ಕರೆದವರು ಮನೆಯಲ್ಲೇ ಮಾಡಿದ ಧಾನ್ಯದ ಬಿಯರ್ ಹಂಚಬೇಕು. ನಮ್ಮ ಮುಯ್ಯಾಳಿನಲ್ಲಿ ಊಟ, ಚಹಾ ಮತ್ತು ನಾಳೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆಂಬ ಋಣ.

ಎಳ್ಳ ಅಮಾವಾಸ್ಯೆಯಲ್ಲಿ ಮಾತ್ರ ಹೋಟಗಿಯ ಸೀಮೆಗೆ ಅದರದೇ ಗತ್ತು. ಎದೆಯೆತ್ತರ ಬೆಳೆದ ಜೋಳದ ನಡುವೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ. ಸಜ್ಜೆ ಕಡಬು, ಭಜ್ಜಿ, ಪುಂಡಿಪಲ್ಯ, ಅಂಬಲಿ ಎಡೆ ಹಿಡಿದು, ಹೊಲದ ಸುತ್ತ ಅದನ್ನೇ ಚರಗವೆಂದು ಚೆಲ್ಲಿದ ಮೇಲೆಯೇ ಊಟ. ಬಂಡಿಯೋ ಟ್ರ್ಯಾಕ್ಟರೋ, ನೆಂಟರು, ನೆರೆಯವರು, ಊರ ಬೇರೆ ಜಾತಿಯ ಸ್ನೇಹಿತರು ಎಲ್ಲ ಬರುತ್ತಾರೆ. ಆ ದಿನ ಹೊಲವಿಲ್ಲದವನೂ ಯಾರದೋ ಹೊಲದಲ್ಲಿ ಉಣ್ಣುತ್ತಾನೆ. ಅದಾಗಿ ಕೆಲವು ದಿನಕ್ಕೆ ಸಂಕ್ರಾಂತಿ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಜಾತ್ರೆ, ಎತ್ತರದ ಏಳು ನಂದಿಕೋಲು ಹೊತ್ತ ಮೆರವಣಿಗೆ. ಹನ್ನೆರಡನೆಯ ಶತಮಾನದ ಈ ಶರಣ ಇಲ್ಲಿ ಕೆರೆ ಕಟ್ಟಿಸಿದವರು, ಮಳೆ ಅಳೆದಳೆದು ಬೀಳುವ ನಾಡಿಗೆ ತಕ್ಕ ದೇವರು.

ಈಗ ಶೋನಾ ಮನೆಗಳ ಮುದ್ದೆ ‘ಸಾಡ್ಜಾ’ ಬಹುಮಟ್ಟಿಗೆ ಮೆಕ್ಕೆಜೋಳದ್ದು. ಸೊಲ್ಲಾಪುರ ಜಿಲ್ಲೆಯಲ್ಲೂ ನೀರು ಬಂದ ಕಡೆ ಕಬ್ಬು ನಿಂತಿದೆ, ಸಕ್ಕರೆ ಕಾರ್ಖಾನೆಗಳು ಹೆಚ್ಚಿವೆ. ಜೋಳ ಮಳೆಯಾಶ್ರಿತ ಹೊಲಕ್ಕೂ ದನಕ್ಕೆ ಕಣಿಕೆ ಬೇಕಾದ ಮನೆಗೂ ಸರಿದಿದೆ. ಚಳಿಗಾಲ ಬಂತೆಂದರೆ ಪೇಟೆಯವರು ‘ಹುರಡಾ ಪಾರ್ಟಿ’ ಎಂದು ದುಡ್ಡು ಕೊಟ್ಟು ಹೊಲಕ್ಕೆ ಬಂದು ಹುರಿದ ಎಳೆ ಜೋಳದ ಸೀತನಿ ತಿನ್ನುತ್ತಾರೆ. ರೈತನಿಗೆ ಅದೂ ಒಂದು ಆದಾಯ.