ಕ್ಯಾಮೆರಾ ಐತೆ ಸರಿ, ಕರೆಂಟು ಹೋದ್ರೆ?

ಆದೋನಿಯ ಹತ್ತಿ ಅಡ್ತಿ ಇರಲಿ, ರಾಯದುರ್ಗದ ಬಟ್ಟೆ ಅಂಗಡಿ ಇರಲಿ, ಬಾಗಿಲ ಮೇಲೆ ಕ್ಯಾಮೆರಾ ಈಗ ಮಾಮೂಲು. ಜನ ಸೇರುವ ದೊಡ್ಡ ಜಾಗಗಳಿಗೆ ಆಂಧ್ರದಲ್ಲಿ 2013ರ, ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಚಿತ್ರವನ್ನು 30 ದಿನ ಕಾದಿಡಬೇಕು.

"ಕ್ಯಾಮೆರಾ ಐತಲ್ರೀ, ಇನ್ನೇನು ಭಯ?" ಅಂತ ಸಾಹುಕಾರರು ನಿಶ್ಚಿಂತೆಯಿಂದ ಮಲಗುತ್ತಾರೆ. ಆದರೆ ನಡುರಾತ್ರಿ ಯಾರೋ "ಕರೆಂಟ್ ಪೋಯಿಂದಿ" ಅಂದ ಗಳಿಗೆಯಲ್ಲೇ ಎಲ್ಲ ಕ್ಯಾಮೆರಾಗಳೂ ಕಣ್ಣು ಮುಚ್ಚಿದರೆ? ಕಳ್ಳನಿಗೆ ಬೇಕಾದದ್ದೇ ಆ ಕತ್ತಲು. ಕ್ಯಾಮೆರಾ ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ನಾವು, ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಬಗ್ಗೆ ಒಂದನ್ನೂ ಕೇಳುವುದಿಲ್ಲ.

ಒಂದೊಂದಕ್ಕೂ ಫ್ಯೂಸು

ಒಂದೊಂದು ಕ್ಯಾಮೆರಾಗೆ ಒಂದೊಂದು ಅಡಾಪ್ಟರ್ ಚುಚ್ಚುವುದು ಸಣ್ಣ ಅಂಗಡಿಯ ರೂಢಿ. ದೊಡ್ಡ ಗೋದಾಮು, ಜಿನ್ನಿಂಗ್ ಮಿಲ್ಲುಗಳಿಗೆ 19 ಇಂಚು ಅಗಲದ ರ‍್ಯಾಕಿನಲ್ಲಿ ಕೂರುವ ಪವರ್ ಸಪ್ಲೈ ವಾಸಿ. ಇದು 230 ವೋಲ್ಟನ್ನು 12 ವೋಲ್ಟ್ ಡಿ.ಸಿ. ಮಾಡಿ ಹಂಚುತ್ತದೆ. ಪ್ರತಿ ದಾರಿಗೂ ಬೇರೆ ಫ್ಯೂಸು ಇರುವುದನ್ನೇ ಆರಿಸಿ. ಇಲಿ ಒಂದು ವೈರು ಕಡಿದು ಶಾರ್ಟ್ ಆದರೂ ಆ ಒಂದು ಕ್ಯಾಮೆರಾ ಮಾತ್ರ ಹೋಗುತ್ತದೆ, ಉಳಿದವು ನಡೆಯುತ್ತವೆ.

ವೈರಿನ ದಪ್ಪವನ್ನೂ ನೋಡಿ. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 100 ಮೀಟರ್ ದೂರಕ್ಕೆ ಅರ್ಧ ಆಂಪಿಯರ್ ಕಳಿಸಿದರೆ 12 ವೋಲ್ಟು ಎಂಟೂವರೆಗೆ ಇಳಿಯುತ್ತದೆ. ರಾತ್ರಿ ಚಿತ್ರ ಕೈಕೊಡುವುದು ಹೀಗೆ. ಒಂದೂವರೆ ಮಿಲಿಮೀಟರಿನ ವೈರಾದರೆ ನಷ್ಟ ಒಂದು ವೋಲ್ಟಿನ ಆಸುಪಾಸು.

ಬ್ಯಾಟರಿ ಲೆಕ್ಕ

ರಾತ್ರಿ ಒಂದು ಕ್ಯಾಮೆರಾಗೆ ಅರ್ಧ ಆಂಪಿಯರ್ ಅಂದರೆ ಎಂಟಕ್ಕೆ 4 ಆಂಪಿಯರ್. 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ ಒಂದೂ ಮುಕ್ಕಾಲು ತಾಸು. ಇಷ್ಟು ಜೋರಾಗಿ ಎಳೆದರೆ ಕೈಗೆ ಸಿಗುವುದು ತಾಸು ಚಿಲ್ಲರೆ ಮಾತ್ರ. ನಾಲ್ಕು ತಾಸು ಬೇಕಾದರೆ 26 ಆಂಪಿಯರ್-ಅವರ್ ಬ್ಯಾಟರಿ ಇಡಿ. ಅದನ್ನು ಚಾರ್ಜ್ ಮಾಡುವ ತಾಕತ್ತು ಪವರ್ ಸಪ್ಲೈಗೂ ಇರಬೇಕು. ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ಬೇಗ ಸೊರಗುತ್ತದೆ. ರೆಕಾರ್ಡರಿಗೂ ಬ್ಯಾಕಪ್ ಬೇಕು, ಇಲ್ಲದಿದ್ದರೆ ಕ್ಯಾಮೆರಾ ಕಂಡದ್ದನ್ನು ಬರೆದಿಡುವವರೇ ಇಲ್ಲ.

ಕಾರ್ಡು, ಬೆರಳಚ್ಚಿನ ಬಾಗಿಲು ಹಾಕಿಸಿದವರು ಇನ್ನೂ ಹುಷಾರಾಗಿರಬೇಕು. ಅಯಸ್ಕಾಂತದ ಬೀಗ ಕರೆಂಟು ಹೋದ ಕೂಡಲೇ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಒಳಗಿನವರು ಹೊರಬರಲಿ ಎಂದೇ ಈ ಏರ್ಪಾಡು, ತಪ್ಪಲ್ಲ. ಆದರೆ ಬ್ಯಾಟರಿ ಸತ್ತ ರಾತ್ರಿ ಗೋದಾಮು ತೆರೆದ ಮನೆ! ಕೆಲಸ ಮುಗಿದು ಎಲ್ಲರೂ ಹೊರಬಂದ ಮೇಲೆ ಹಳೇ ಕಬ್ಬಿಣದ ಬೀಗವನ್ನೂ ಜಡಿಯಿರಿ.

ಇವತ್ತೇ ಅಂಗಡಿ ಮುಚ್ಚುವ ಮುಂಚೆ ಮೇನ್ ಸ್ವಿಚ್ ಇಳಿಸಿ, ಗಡಿಯಾರ ಹಿಡಿದು ಕೂತು ನೋಡಿ. ಕ್ಯಾಮೆರಾ, ರೆಕಾರ್ಡರ್, ಬಾಗಿಲು, ಯಾವುದು ಎಷ್ಟು ಹೊತ್ತು ನಿಂತಿತು? ಬಾವಿ ಇಣುಕಿ ನೋಡಿ ಬೆಳೆ ಇಡುವ ರೈತನಿಗೆ ಈ ಲೆಕ್ಕ ಹೊಸದೇನಲ್ಲ.