ಸವಾತ್ ವಿದ್ಯೆಯೂ ನಮ್ಮ ಕುಸ್ತಿಯೂ

ಫ್ರಾನ್ಸ್ ದೇಶದಲ್ಲಿ ‘ಸವಾತ್’ ಎಂಬ ಕಾಳಗವಿದ್ಯೆಯೊಂದುಂಟು. ಆ ಶಬ್ದಕ್ಕೆ ಹಳೆಯ ಮೆಟ್ಟು ಎಂದರ್ಥ. ಪ್ಯಾರಿಸ್ ನಗರದ ಬೀದಿಗಳಲ್ಲಿ ಪುಂಡರು ಮೆಟ್ಟಿದ ಕಾಲಿನಿಂದ ಒದೆದು, ಅಂಗೈಯಿಂದ ಹೊಡೆದು ಬಡಿದಾಡುತ್ತಿದ್ದ ರೀತಿಯನ್ನು ಮಿಶೆಲ್ ಕಾಸೂ ಎಂಬಾತನು 1825ರ ಸುಮಾರಿಗೆ ಕ್ರಮಕ್ಕೆ ತಂದು ಕಲಿಸತೊಡಗಿದನು. ಅವನ ತರುವಾಯ ಬಂದ ಷಾರ್ಲ್ ಲೆಕೂರನು ಆಂಗ್ಲ ಮುಷ್ಟಿಮಲ್ಲನೊಬ್ಬನೊಡನೆ ಸೆಣಸಿದಾಗ, ತನಗೆ ಕಾಲಿನ ವಿದ್ಯೆ ಬಂದಿದ್ದರೂ ಕೈಯ ವಿದ್ಯೆ ಬಾರದೆಂಬುದು ಮನವರಿಕೆಯಾಯಿತು. ಆತನು ಅದಕ್ಕೆ ನೆವ ಹುಡುಕಲಿಲ್ಲ. ಮುಷ್ಟಿಯುದ್ಧವನ್ನು ಕಲಿತು ತನ್ನ ಒದೆತಗಳೊಡನೆ ಹೊಂದಿಸಿದನು. ಇಂದಿನ ಸವಾತ್ ರೂಪುಗೊಂಡುದು ಹೀಗೆ.

ಪಡೆದ ವಿದ್ಯೆಯು ಕೊಡುವುದನ್ನೂ ಬಲ್ಲುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಾರ್ಟನ್ ರೈಟ್ ಎಂಬವನು ಲಂಡನ್ನಿನಲ್ಲಿ ಜಪಾನೀಯರ ಜುಜುತ್ಸು, ಮುಷ್ಟಿಯುದ್ಧ, ಕೋಲಿನ ವರಸೆ ಇವುಗಳೊಡನೆ ಸವಾತನ್ನೂ ಕೂಡಿಸಿ ‘ಬಾರ್ಟಿತ್ಸು’ ಎಂಬ ಪದ್ಧತಿಯನ್ನು ಕಲಿಸಿದನು. 1967ರಲ್ಲಿ ತನ್ನ ವಿದ್ಯೆಗೆ ‘ಜೀತ್ ಕುನೆ ದೋ’ ಎಂದು ಹೆಸರಿಟ್ಟ ಬ್ರೂಸ್ ಲೀಯೂ ಸವಾತಿನ ಒದೆತಗಳನ್ನು ಅಭ್ಯಸಿಸಿದ್ದನು.

ಭೀಮಾತೀರದ ಘತ್ತರಗಿಯ ಕಡೆಯವರಾದ ನಮಗೆ ಇದರಿಂದೇನೆಂದು ವಾಚಕರು ಕೇಳಬಹುದು. ನಮ್ಮ ಸೀಮೆಯ ಕುಸ್ತಿಯ ಕಥೆಯೂ ಇಂತಹುದೇ ಎಂದು ನಮ್ಮ ಉತ್ತರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಮಲ್ಲರ ತರತಮ, ಆಹಾರ, ಈಜು ಮತ್ತು ಕಂಬದ ಸಾಧನೆ ಇವೆಲ್ಲವನ್ನೂ ಅರಸನು ಅಲ್ಲಿ ಹೇಳಿದ್ದಾನೆ. 1347ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾಯಿತು. ಮುಂದೆ ಫಿರೋಜಶಹನು ಇದೇ ಭೀಮಾನದಿಯ ದಡದಲ್ಲಿ ಫಿರೋಜಾಬಾದ್ ನಗರವನ್ನು ಕಟ್ಟಿಸಿದನು. ಆಸ್ಥಾನದ ಭಾಷೆ ಪಾರಸಿಯಾಗಿತ್ತು. ಭಾರತದಲ್ಲಿ ದೇಶೀಯ ಮಲ್ಲವಿದ್ಯೆಯೂ ಪಾರಸಿಕರ ಮಲ್ಲಕ್ರಮವೂ ಕಾಲಕ್ರಮದಲ್ಲಿ ಬೆರೆತುದರಿಂದಲೇ ಇಂದಿನ ಕುಸ್ತಿ ಉಂಟಾಯಿತು.

ಸಾಕ್ಷಿ ಬೇಕಾದರೆ ನಮ್ಮ ನಾಲಗೆಯನ್ನೇ ಕೇಳಬಹುದು. ಮಲ್ಲ, ದಂಡ ಎಂಬವು ಸಂಸ್ಕೃತ, ಕುಸ್ತಿ, ಪೈಲ್ವಾನ, ಉಸ್ತಾದ ಎಂಬವು ಪಾರಸಿ, ತಾಲೀಮು ಅರಬ್ಬಿಯಿಂದ ಬಂದುದು, ಪಟ್ಟು ಅಚ್ಚಗನ್ನಡ. ಜಾತ್ರೆಯಲ್ಲಿಯೂ ಉರುಸಿನಲ್ಲಿಯೂ ಜಟ್ಟಿಗಳು ಒಂದೇ ಕೆಮ್ಮಣ್ಣನ್ನು ಮೈಗೆ ಪೂಸಿಕೊಳ್ಳುವಾಗ ಯಾವ ಶಬ್ದ ಯಾರದೆಂದು ವಿಚಾರಿಸುವವರಾರು?

ಆದುದರಿಂದ, ಮೊಮ್ಮಗನು ಪಟ್ಟಣದಲ್ಲಿ ಕರಾಟೆ ಕಲಿತನೆಂದು ಅಜ್ಜನು ಮುನಿಯುವುದು ಸಲ್ಲದು; ತಾಲೀಮಿನ ಮಣ್ಣು ಹಳೆಯದೆಂದು ಮೊಮ್ಮಗನು ಹೀಯಾಳಿಸುವುದೂ ಸಲ್ಲದು. ಲೆಕೂರನು ಹೊಸತನ್ನು ಕಲಿತನು, ನಿಜ. ಆದರೆ ತನ್ನ ಒದೆತಗಳನ್ನು ಬಿಡಲಿಲ್ಲ. ಬಿಟ್ಟಿದ್ದರೆ ಆಂಗ್ಲರ ಮುಷ್ಟಿಯುದ್ಧವೊಂದೇ ಉಳಿಯುತ್ತಿತ್ತು, ಸವಾತ್ ಉಳಿಯುತ್ತಿರಲಿಲ್ಲ. ಬೆರೆಯಬೇಕಾದರೆ ಎರಡಿರಬೇಕು. ಊರಿನ ಗರಡಿಯ ಬಾಗಿಲು ಮುಚ್ಚಿತೆಂದರೆ, ಹೊರಗಿನಿಂದ ಬಂದ ವಿದ್ಯೆಗೆ ನಾವು ಕೊಡುವುದಕ್ಕೆ ಏನೂ ಉಳಿಯದು.

ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳನ್ನು, ಗಂಡಾಗಲಿ ಹೆಣ್ಣಾಗಲಿ, ಅವರು ಬಯಸಿದ ವಿದ್ಯೆಗೆ ಕಳುಹಿಸಿರಿ, ಊರಿಗೆ ಬಂದಾಗ ಒಂದು ಬೆಳಗು ಗರಡಿಯ ಮಣ್ಣನ್ನೂ ಮುಟ್ಟಿಸಿರಿ.